ಬೇಸಿಗೆಯ ಬಿಡುವು, ಆಟಿಯ ಬರಿಗೈ: ನಮ್ಮ ಸಭೆಗಳ ಕಾಲಪ್ರಜ್ಞೆಯ ಒಂದು ವಿಮರ್ಶೆ

ಮಾರ್ಚ್ ತಿಂಗಳು ಮುಗಿಯುತ್ತಿದ್ದಂತೆ ನಮ್ಮ ಸಭಾ ಸಮಿತಿಗಳಲ್ಲಿಯೂ ಚರ್ಚ್ ಪಾಲನಾ ಮಂಡಳಿಗಳಲ್ಲಿಯೂ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ: ಬೇಸಿಗೆಯ ಬಿಡುವನ್ನು ಹೇಗೆ ಸದುಪಯೋಗಪಡಿಸಿಕೊಳ್ಳುವುದು? ಉತ್ತರವೂ ಹೆಚ್ಚು ಕಡಿಮೆ ಸಿದ್ಧವಾಗಿಯೇ ಇರುತ್ತದೆ. ಮಕ್ಕಳಿಗೆ ರಜಾಕಾಲದ ಸತ್ಯವೇದ ಶಾಲೆ, ಯೌವನಸ್ಥರಿಗೆ ಶಿಬಿರ, ಊರಿಗೆ ಬಂದವರಿಗಾಗಿ ಒಂದು ಸ್ನೇಹಕೂಟ, ಸಾಧ್ಯವಾದರೆ ಕಟ್ಟಡ ನಿಧಿಗೆ ಒಂದು ಮನವಿ. ಮೇ ಕೊನೆಯ ವಾರದಲ್ಲಿ ವರದಿ ಬರೆಯಲಾಗುತ್ತದೆ. ಜೂನ್ ಬಂದಾಗ ಸಭೆಯು ಕೊಡೆ ಬಿಚ್ಚಿಕೊಂಡು ಮೌನವಾಗುತ್ತದೆ.

ಪ್ರಶ್ನೆಯು ಒಳ್ಳೆಯದೇ. ಆದರೆ ಆ ಪ್ರಶ್ನೆಯೊಳಗಿನ ‘ಬಿಡುವು’ ಎಂಬ ಮಾತನ್ನು ನಾವು ಪರೀಕ್ಷಿಸಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಬೇಸಿಗೆಯು ನಿಜವಾಗಿ ಬಿಡುವಿನ ಕಾಲವೇ? ಅಲ್ಲವೆಂಬುದು ಈ ಲೇಖನದ ವಾದ. ಈ ನೆಲದಲ್ಲಿ ಬೇಸಿಗೆಯು ಕೂಡಿಡುವ ಕಾಲ. ನಿಧಾನಗತಿಯ ಕಾಲವೆಂದರೆ ಮಳೆಗಾಲ, ವಿಶೇಷವಾಗಿ ಆಟಿ ತಿಂಗಳು. ನಾವು ಬೇರೊಂದು ನೆಲದ ಗಡಿಯಾರವನ್ನು ಗೋಡೆಗೆ ತೂಗುಹಾಕಿಕೊಂಡಿರುವುದರಿಂದ, ಕೂಡಿಡಬೇಕಾದ ಕಾಲದಲ್ಲಿ ಪ್ರದರ್ಶನ ನಡೆಸಿ, ಹಂಚಬೇಕಾದ ಕಾಲದಲ್ಲಿ ಬರಿಗೈಯಾಗಿ ಕುಳಿತಿರುತ್ತೇವೆ. ಇದರ ನಷ್ಟವನ್ನು ಅನುಭವಿಸುವವರು ಮಳೆಯಲ್ಲಿ ಮನೆಯೊಳಗೆ ಉಳಿದವರು.

1. ಎರವಲು ತಂದ ಗಡಿಯಾರ

ಬೇಸಿಗೆಯನ್ನು ಸಭೆಯ ಮಂದಗತಿಯ ಕಾಲವೆಂದು ಎಣಿಸುವ ರೂಢಿಯು ಉತ್ತರ ಅಮೆರಿಕ ಮತ್ತು ಯುರೋಪಿನ ಸಭೆಗಳಲ್ಲಿ ಸಹಜವಾದುದು. ಅಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಶಾಲೆಗಳು ಮುಚ್ಚುತ್ತವೆ, ಕುಟುಂಬಗಳು ಊರು ಬಿಟ್ಟು ವಿಹಾರಕ್ಕೆ ಹೋಗುತ್ತವೆ, ಗಾಯನವೃಂದವು ವಿರಮಿಸುತ್ತದೆ, ಕಾಣಿಕೆ ಇಳಿಯುತ್ತದೆ. ಆದುದರಿಂದ ಆ ಖಾಲಿ ವಾರಗಳನ್ನು ಹೇಗೆ ತುಂಬಬೇಕೆಂದು ಅಲ್ಲಿಯ ಪಾಲಕರು ಚಿಂತಿಸಿ, ಬರೆದು, ಕೈಪಿಡಿಗಳನ್ನು ಪ್ರಕಟಿಸಿದರು. ಅವರ ಚಿಂತನೆಯಲ್ಲಿ ತಪ್ಪಿಲ್ಲ. ಅವರು ತಮ್ಮ ನೆಲವನ್ನು ನೋಡಿ ಬರೆದರು.

ರಜಾಕಾಲದ ಸತ್ಯವೇದ ಶಾಲೆಯ ಹುಟ್ಟೇ ಇದಕ್ಕೆ ಒಳ್ಳೆಯ ಸಾಕ್ಷಿ. 1898ರಲ್ಲಿ ನ್ಯೂಯಾರ್ಕ್ ನಗರದ ಬಡವರ ಬಡಾವಣೆಯೊಂದರಲ್ಲಿ ಹಾಸ್ ಎಂಬ ಬ್ಯಾಪ್ಟಿಸ್ಟ್ ಮಹಿಳೆಯು, ಶಾಲೆ ಮುಚ್ಚಿದ ಮೇಲೆ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳನ್ನು ಕಂಡು, ಮದ್ಯ ಮಾರುವ ಸ್ಥಳವೊಂದನ್ನು ಬಾಡಿಗೆಗೆ ಪಡೆದು ಅಲ್ಲಿ ಅವರಿಗೆ ಬೈಬಲ್ ಕಥೆಗಳನ್ನೂ ಹಾಡುಗಳನ್ನೂ ಕಲಿಸಿದಳು. 1901ರಿಂದ ರಾಬರ್ಟ್ ಬೊವಿಲ್ ಎಂಬವರು ಅದನ್ನು ಆ ನಗರದ ಇತರ ಸಭೆಗಳಿಗೆ ಹರಡಿದರು. ಈ ಇತಿಹಾಸದಲ್ಲಿ ಮೆಚ್ಚಬೇಕಾದದ್ದು ಕಾರ್ಯಕ್ರಮದ ಆಕಾರಕ್ಕಿಂತ ಹೆಚ್ಚಾಗಿ ಆ ಮಹಿಳೆಯ ಕಣ್ಣು. ತನ್ನ ಬೀದಿಯಲ್ಲಿ, ಆ ತಿಂಗಳಲ್ಲಿ, ಯಾರು ಒಂಟಿಯಾಗಿದ್ದಾರೆ ಎಂದು ಆಕೆ ನೋಡಿದಳು. ನಾವು ಆಕಾರವನ್ನು ಸ್ವೀಕರಿಸಿದೆವು. ಆ ನೋಟವನ್ನು ಸ್ವೀಕರಿಸಲಿಲ್ಲ. ಆಕೆಯಂತೆ ನೋಡಿದ್ದರೆ ನಮ್ಮ ಮೊದಲ ಪ್ರಶ್ನೆ ಹೀಗಿರುತ್ತಿತ್ತು: ನಮ್ಮ ಊರಿನಲ್ಲಿ ಯಾವ ತಿಂಗಳಲ್ಲಿ ಯಾರು ಒಂಟಿ?

2. ಇಲ್ಲಿಯ ಬೇಸಿಗೆ

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ನಮ್ಮ ದಿನಚರಿಯನ್ನು ನೋಡೋಣ. ಲೆಂಟ್ ಅಥವಾ ತಪಸ್ಸುಕಾಲದಲ್ಲಿ ತಡೆಹಿಡಿದಿದ್ದ ಮದುವೆಗಳೆಲ್ಲ ಪುನರುತ್ಥಾನದ ಹಬ್ಬ ಕಳೆದ ಕೂಡಲೇ ಸಾಲಾಗಿ ಬರುತ್ತವೆ. ಕೊಂಕಣಿ ಕಥೋಲಿಕರ ಮನೆಗಳಲ್ಲಿ ರೋಸ್, ಮದುವೆ, ಮರುಮನೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ವಿವಾಹ, ಗೃಹಪ್ರವೇಶದ ಪ್ರಾರ್ಥನೆ, ದೃಢೀಕರಣದ ತರಗತಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದ. ಮುಂಬಯಿಯಿಂದ, ಬೆಂಗಳೂರಿನಿಂದ ಕುಟುಂಬಗಳು ಬಂದಿಳಿಯುತ್ತವೆ. ನೆರೆಯವರಲ್ಲಿ ನೇಮ, ಬ್ರಹ್ಮಕಲಶ, ಯಕ್ಷಗಾನ. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಅಂದರೆ ಮೇ 24ರ ಆಸುಪಾಸಿನವರೆಗೆ, ತುಳುನಾಡಿನಲ್ಲಿ ರಾತ್ರಿಗಳೂ ಎಚ್ಚರವಾಗಿಯೇ ಇರುತ್ತವೆ.

ಮನೆಯೊಳಗೂ ಬಿಡುವಿಲ್ಲ. ಗೇರುಬೀಜ ಹೆಕ್ಕಬೇಕು. ಕಟ್ಟಿಗೆ ಒಣಗಿಸಿ ಒಳಗಿಡಬೇಕು. ಒಡೆದ ಹೆಂಚು ಬದಲಿಸಬೇಕು. ಹಲಸಿನ ಹಪ್ಪಳ ತಟ್ಟಬೇಕು, ಸೊಳೆಯನ್ನು ಉಪ್ಪಿನಲ್ಲಿ ಹಾಕಿಡಬೇಕು, ಮಾವಿನ ಮಿಡಿಯನ್ನು ಭರಣಿಗೆ ತುಂಬಬೇಕು, ಒಣಮೀನು ಕಟ್ಟಿಡಬೇಕು. ಇವೆಲ್ಲವೂ ಮುಂದೆ ಬರುವ ನಾಲ್ಕು ತಿಂಗಳಿಗಾಗಿ. ನಮ್ಮ ಅಜ್ಜಿಯಂದಿರು ಬೇಸಿಗೆಯ ಬಿಸಿಲನ್ನು ಎಂದೂ ರಜೆಯಾಗಿ ಕಂಡವರಲ್ಲ. ಅದು ಮಳೆಗಾಗಿ ದೇವರು ಕೊಟ್ಟ ಅವಧಿ. ನೀರಿನ ವಿಷಯದಲ್ಲಿಯೂ ಹೀಗೆಯೇ. ತೋಡುಗಳಿಗೆ ಅಡ್ಡಲಾಗಿ ಕಟ್ಟ ಕಟ್ಟುವ ಈ ಸೀಮೆಯ ಹಳೆಯ ಪದ್ಧತಿಯು ಬೇಸಿಗೆಯ ಕೆಲಸವಲ್ಲ; ಮಳೆ ನಿಂತು ನೀರು ಇನ್ನೂ ಹರಿಯುತ್ತಿರುವಾಗಲೇ ಮಾಡಬೇಕಾದದ್ದು. ಬೇಸಿಗೆ ಬಂದ ಮೇಲೆ ಕಟ್ಟಲು ಹೊರಟವನ ತೋಡಿನಲ್ಲಿ ಕಲ್ಲು ಮಾತ್ರ ಇರುತ್ತದೆ. ಒಂದು ಕಾಲದ ಸದುಪಯೋಗವು ಹಿಂದಿನ ಕಾಲದಲ್ಲಿ ನಿರ್ಧಾರವಾಗುತ್ತದೆಂಬ ಸತ್ಯವನ್ನು ಈ ನೆಲದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಕೊಲ್ಲಿ ದೇಶಗಳಲ್ಲಿರುವ ನಮ್ಮವರ ಮಕ್ಕಳಿಗೆ ದೀರ್ಘ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಅವರ ಬೇಸಿಗೆಯು ನಮ್ಮ ಆಟಿಯಲ್ಲಿ ಬೀಳುತ್ತದೆ. ಆ ಮಕ್ಕಳು ಬಂದಾಗ ಇಲ್ಲಿಯ ಮಕ್ಕಳು ಶಾಲೆಯಲ್ಲಿರುತ್ತಾರೆ, ನಮ್ಮ ಕಾರ್ಯಕ್ರಮಗಳೆಲ್ಲ ಮುಗಿದಿರುತ್ತವೆ. ಅಜ್ಜ ಅಜ್ಜಿಯರ ಊರಿನ ದೇವಾಲಯದಲ್ಲಿ ಅವರು ಕೊಡೆ ಹಿಡಿದು ನಿಂತ ಅಪರಿಚಿತರು. ಬೇಸಿಗೆಯೇ ಕಾರ್ಯಕ್ರಮದ ಕಾಲವೆಂದು ನಿರ್ಧರಿಸಿದ ನಮಗೆ ಅವರು ಕಾಣಿಸುವುದೇ ಇಲ್ಲ.

3. ಸತ್ಯವೇದದಲ್ಲಿ ಬೇಸಿಗೆ

ಹಳೆಯ ಒಡಂಬಡಿಕೆಯ ಭಾಷೆಯು ಈ ವಿಷಯದಲ್ಲಿ ನ್ಯೂಯಾರ್ಕಿಗಿಂತ ಬಂಟ್ವಾಳಕ್ಕೆ ಹತ್ತಿರವಾಗಿದೆ. ಇಬ್ರಿಯದ ‘ಕಯಿತ್ಸ್’ ಎಂಬ ಪದಕ್ಕೆ ಬೇಸಿಗೆ ಎಂಬ ಅರ್ಥವೂ ಬೇಸಿಗೆಯ ಹಣ್ಣು ಎಂಬ ಅರ್ಥವೂ ಉಂಟು. ಕಾಲದ ಹೆಸರೇ ಫಲದ ಹೆಸರು. 1908ರಲ್ಲಿ ದೊರೆತ, ಕ್ರಿ.ಪೂ. ಹತ್ತನೆಯ ಶತಮಾನದ್ದೆಂದು ಎಣಿಸಲಾಗುವ ಗೆಜೆರ್ ಶಿಲಾಪಟ್ಟಿಯು ವರ್ಷವನ್ನು ಬಿತ್ತನೆ, ಕೊಯ್ಲು ಮುಂತಾದ ಹೊಲದ ಕೆಲಸಗಳಿಂದಲೇ ವಿಂಗಡಿಸಿ, ಕೊನೆಯ ತಿಂಗಳನ್ನು ಬೇಸಿಗೆಯ ಹಣ್ಣಿನ ತಿಂಗಳೆಂದು ಕರೆಯುತ್ತದೆ. ಜ್ಞಾನೋಕ್ತಿಗಳು 6:8 ಮತ್ತು 10:5ರಲ್ಲಿ ಇರುವೆಯೂ ವಿವೇಕಿಯಾದ ಮಗನೂ ಬೇಸಿಗೆಯಲ್ಲಿ ಕೂಡಿಡುವವರು; ಆ ಕಾಲದಲ್ಲಿ ನಿದ್ರಿಸುವವನು ಮನೆತನಕ್ಕೆ ನಾಚಿಕೆ ತರುವವನು. ಅಲ್ಲಿಯೂ ಬೇಸಿಗೆಯು ಒಣಕಾಲ, ಮಳೆ ಬರುವುದು ಅದರ ನಂತರ. ಪ್ಯಾಲೆಸ್ತೀನದ ಮಳೆ ಶರತ್ತಿನಲ್ಲಿ ಆರಂಭವಾಗುತ್ತದೆ, ನಮ್ಮದು ಜೂನ್‌ನಲ್ಲಿ, ತಿಂಗಳುಗಳು ಹೊಂದಿಕೆಯಾಗುವುದಿಲ್ಲ. ಆದರೆ ಒಣಕಾಲದಲ್ಲಿ ಕೂಡಿಟ್ಟು ಮಳೆಗಾಲದಲ್ಲಿ ಉಣ್ಣುವ ಕ್ರಮವು ಎರಡೂ ಕಡೆ ಒಂದೇ.

ಆದರೆ ಪ್ರವಾದಿಗಳು ಈ ಪದವನ್ನು ಸಾಂತ್ವನಕ್ಕಾಗಿ ಮಾತ್ರ ಬಳಸಲಿಲ್ಲ. ಆಮೋಸ 8:1-2ರಲ್ಲಿ ದೇವರು ಪ್ರವಾದಿಗೆ ಒಂದು ಬುಟ್ಟಿ ಬೇಸಿಗೆಯ ಹಣ್ಣನ್ನು ತೋರಿಸಿ, ‘ಕಯಿತ್ಸ್’ ಎಂಬ ಮಾತನ್ನು ‘ಕೇತ್ಸ್’, ಅಂದರೆ ಅಂತ್ಯ, ಎಂಬ ಮಾತಿಗೆ ತಿರುಗಿಸುತ್ತಾನೆ. ಬುಟ್ಟಿ ತುಂಬಿದೆ, ಆದರೆ ಬಡವರನ್ನು ತುಳಿಯುವ ಜನರ ಪಾಲಿಗೆ ಆ ತುಂಬಿದ ಬುಟ್ಟಿಯೇ ತೀರ್ಪು. ಯೆರೆಮೀಯ 8:20ರಲ್ಲಿ ಸುಗ್ಗಿ ಕಳೆದು, ಬೇಸಿಗೆ ಮುಗಿದು, ಬಿಡುಗಡೆ ಮಾತ್ರ ಬಾರದೆ ಹೋದ ಜನರ ಗೋಳು ಕೇಳಿಸುತ್ತದೆ. ತುಂಬಿದ ಬೇಸಿಗೆಯೊಂದು ಜನರನ್ನು ಎಲ್ಲಿಗೂ ತಲುಪಿಸದೆ ಹೋಗಬಹುದೆಂಬ ಎಚ್ಚರಿಕೆಯು ನಮ್ಮ ವಾರ್ಷಿಕ ವರದಿಗಳಿಗೂ ಅನ್ವಯಿಸುತ್ತದೆ.

ಕೂಡಿಡುವುದರಲ್ಲಿಯೂ ಎರಡು ಬಗೆಯಿದೆ. ವಿಮೋಚನಕಾಂಡ 16ರಲ್ಲಿ ಮನ್ನವನ್ನು ನಾಳೆಗೆಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ಸಬ್ಬತ್ತಿಗಾಗಿ ಆರನೆಯ ದಿನ ಎರಡರಷ್ಟು ಕೂಡಿಸಿದವರದ್ದು ಕೆಡಲಿಲ್ಲ. ಅದೇ ಮನ್ನ, ಅದೇ ಪಾತ್ರೆ. ಯಾವುದಕ್ಕಾಗಿ ಕೂಡಿಟ್ಟರೆಂಬುದು ಭೇದವನ್ನು ಉಂಟುಮಾಡಿತು. ಯಾಜಕಕಾಂಡ 25ರ ಸಬ್ಬತ್ ವರ್ಷದಲ್ಲಿಯೂ ಹೊಲದ ವಿಶ್ರಾಂತಿಗೆ ಆರನೆಯ ವರ್ಷದ ಬೆಳೆಯ ಆಶೀರ್ವಾದವು ಮುಂಚಿತವಾಗಿ ಬರುತ್ತದೆ. ವಿಶ್ರಾಂತಿಯೂ ಶ್ರಮವೂ ಪರಸ್ಪರ ನೋಡಿಕೊಳ್ಳುವ ಕಾಲಗಳು. ಒಂದನ್ನು ಮತ್ತೊಂದರಿಂದ ಕಡಿದುಹಾಕಿದರೆ ಶ್ರಮವು ಪ್ರದರ್ಶನವಾಗುತ್ತದೆ, ವಿಶ್ರಾಂತಿಯು ಸೋಮಾರಿತನವಾಗುತ್ತದೆ.

4. ಮಳೆಯ ನಾಲ್ಕು ತಿಂಗಳು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಈ ನಾಲ್ಕು ತಿಂಗಳು ನಮ್ಮ ಜನರಿಗೆ ಬರಿಯ ಹವಾಮಾನವಲ್ಲ. ಬಂಟ್ವಾಳದವರು ನೇತ್ರಾವತಿಯ 1923ರ ಮತ್ತು 1974ರ ನೆರೆಗಳನ್ನು ಇಂದಿಗೂ ಕಾಲದ ಗುರುತಾಗಿ ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಗುಡ್ಡ ಕುಸಿದು, ಹೊಳೆ ದಿಕ್ಕು ಬದಲಿಸಿ, ತೋಟಗಳ ಮೇಲೆ ಮರಳು ಹಾಸಿತು. ನೆರೆಯಿಲ್ಲದ ವರ್ಷದಲ್ಲಿಯೂ ದಿನಗೂಲಿಯವನಿಗೆ ಆಟಿಯಲ್ಲಿ ಕೆಲಸ ಕಡಿಮೆ. ಭಾರೀ ಮಳೆಯ ದಿನ ರಬ್ಬರ್ ಮರಕ್ಕೆ ಕತ್ತಿ ತಾಗುವುದಿಲ್ಲ. ಬೀಡಿ ಕಟ್ಟುವ ತಾಯಂದಿರಿಗೆ ಎಲೆ ಒಣಗದ ಚಿಂತೆ. ತುಳುವರ ನೆನಪಿನಲ್ಲಿ ಆಟಿ ಎಂದರೆ ಕಷ್ಟದ ತಿಂಗಳು. ಆಟಿ ಕಳಂಜನು ಮನೆಮನೆಗೆ ಬರುವುದು, ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು, ಇವೆಲ್ಲ ಕಷ್ಟಕಾಲವನ್ನು ಒಬ್ಬೊಬ್ಬರಾಗಿ ಅನುಭವಿಸಬಾರದೆಂಬ ಊರಿನ ವಿವೇಕ.

ನೆರೆಯ ಧರ್ಮಗಳಲ್ಲಿಯೂ ಈ ವಿವೇಕವಿದೆ. ಸಾವಿರ ಕಂಬದ ಬಸದಿಯ ಊರಾದ ಮೂಡುಬಿದಿರೆಯಲ್ಲಿ ಸೇವೆ ಮಾಡುವವರಿಗೆ ಜೈನ ಮುನಿಗಳ ಚಾತುರ್ಮಾಸವು ಅಪರಿಚಿತವಲ್ಲ. ವರ್ಷವಿಡೀ ಸಂಚರಿಸುವ ಮುನಿಯು ಮಳೆಯ ನಾಲ್ಕು ತಿಂಗಳು ಒಂದೇ ಸ್ಥಳದಲ್ಲಿ ನಿಲ್ಲುತ್ತಾನೆ. ಹಸಿ ನೆಲದಲ್ಲಿ ಮೊಳೆಯುವ ಸಣ್ಣ ಜೀವಗಳಿಗೆ ತನ್ನ ಪಾದದಿಂದ ಹಿಂಸೆಯಾಗಬಾರದೆಂಬುದು ಕಾರಣ. ಶ್ರಾವಕರಿಗೆ ಶಾಸ್ತ್ರವನ್ನು ಸಾವಧಾನವಾಗಿ ಕೇಳುವ ಅವಕಾಶವು ಅದರ ಫಲ. ನಮ್ಮ ನಂಬಿಕೆಯು ಬೇರೆ, ಕಾರಣಗಳೂ ಬೇರೆ. ಆದರೂ ಮಳೆಯು ನಿಲ್ಲಿಸಿದ ಸ್ಥಳವನ್ನೇ ಬೋಧನೆಯ ಸ್ಥಳವನ್ನಾಗಿ ಮಾಡಿಕೊಳ್ಳುವುದನ್ನು ನೆರೆಮನೆಯಿಂದ ಕಲಿಯುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ.

ನಮ್ಮ ಸ್ವಂತ ಪರಂಪರೆಯಲ್ಲಿಯೂ ಇದಕ್ಕೆ ಆಧಾರವಿದೆ. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್ 30ರಂದು, ಮಳೆ ಹಿಂದೆ ಸರಿದ ಮೇಲೆ. ಒಣಕಾಲದಲ್ಲಿ ಹಳ್ಳಿಗಳ, ಜಾತ್ರೆಗಳ ಸಂಚಾರ, ಮಳೆಗಾಲದಲ್ಲಿ ಠಾಣೆಯಲ್ಲಿ ಕುಳಿತು ಬೋಧನೆ, ಭಾಷಾಭ್ಯಾಸ, ಬರವಣಿಗೆ, ಇದು ಆ ಕಾಲದ ಮಿಷನರಿ ಜೀವನದ ಸಾಮಾನ್ಯ ಲಯವಾಗಿತ್ತು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಯ ದಿನಾಂಕ 1843ರ ಜುಲೈ 1 ಎಂಬುದನ್ನು ಓದುವಾಗ, ಹೊರಗೆ ಮಳೆ ಸುರಿಯುತ್ತಿದ್ದ ಒಂದು ತಿಂಗಳಲ್ಲಿ ಕನ್ನಡ ಪತ್ರಿಕೋದ್ಯಮವು ಆರಂಭವಾಯಿತೆಂದು ನೆನೆಯುವುದು ಸಂತೋಷವಲ್ಲವೇ?

ಕಥೋಲಿಕ ಪರಂಪರೆಯು ಇನ್ನೂ ಆಳಕ್ಕೆ ಹೋಗಿದೆ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ, ಹದಿನೆಂಟನೆಯ ಶತಮಾನದಲ್ಲಿ ವಂದನೀಯ ಜೋಕಿಂ ಮಿರಾಂದ ಅವರಿಂದ ಮೊದಲುಗೊಂಡಿತೆಂದು ಹೇಳಲಾಗುವ ಮೊಂತಿ ಹಬ್ಬವು ಸೆಪ್ಟೆಂಬರ್ 8ರಂದು ಬರುತ್ತದೆ. ಮಕ್ಕಳು ಒಂಬತ್ತು ದಿನ ಮಳೆಯಲ್ಲಿ ಅರಳಿದ ಹೂಗಳನ್ನು ಆಯ್ದು ತರುತ್ತಾರೆ. ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡಲಾಗುತ್ತದೆ. ದೂರದಲ್ಲಿರುವ ಮಗನಿಗೆ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತದೆ. ಇದು ಏಣೆಲ್ ಬೆಳೆಯ ಲಯಕ್ಕೆ ಹೊಂದಿಕೊಂಡ ಹಬ್ಬ. ಎರವಲು ಗಡಿಯಾರದಿಂದ ಇಂಥದ್ದು ಹುಟ್ಟಲಾರದು. ಒಂದು ಸಭೆಯು ತನ್ನ ನೆಲದ ಋತುವನ್ನು ಓದಬಲ್ಲದೆಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ಇರುವ ಪುರಾವೆ ಇದು.

5. ಒಂದು ತಪ್ಪೊಪ್ಪಿಗೆ

ವಿಮರ್ಶಕನು ತನ್ನನ್ನು ಹೊರಗಿಟ್ಟುಕೊಳ್ಳಬಾರದು. ಕೆಲವು ವರ್ಷಗಳ ಹಿಂದೆ ಘಟ್ಟದ ಬುಡದ ಒಂದು ಸಣ್ಣ ಸಭೆಯಲ್ಲಿ ಸೇವೆ ಮಾಡುತ್ತಿದ್ದಾಗ, ನಮ್ಮ ರಜಾಕಾಲದ ಶಾಲೆಯು ಆ ವರ್ಷ ಚೆನ್ನಾಗಿಯೇ ನಡೆಯಿತು. ಮುಂಬಯಿಯಿಂದ ಬಂದಿದ್ದ ಒಬ್ಬ ಹುಡುಗ ಬಾಯಿಪಾಠದಲ್ಲಿ ಮೊದಲನೆಯವನಾದ. ಪ್ರಶಸ್ತಿಪತ್ರಕ್ಕೆ ನಾನೇ ರುಜು ಹಾಕಿದೆ. ಅವನು ಹತ್ತು ದಿನ ಯಾರ ಮನೆಯಿಂದ ಬಂದು ಹೋಗುತ್ತಿದ್ದನೆಂದು ನಾನು ಕೇಳಲಿಲ್ಲ.

ಆಗಸ್ಟ್ ತಿಂಗಳಲ್ಲಿ ಒಂದು ಸಂಜೆ ಕರೆ ಬಂತು. ಹೋಗಿ ನೋಡಿದರೆ ಅದು ಆ ಹುಡುಗನ ಅಜ್ಜಿಯ ಮನೆ. ಪ್ರಶಸ್ತಿಪತ್ರವನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದರು. ತೇವಕ್ಕೆ ಅದರ ಶಾಯಿ ಹರಡಿತ್ತು. ನೆರೆಮನೆಯಾಕೆ ಹೇಳಿದರು: “ಅಯ್ಯನವರೇ, ಜೂನ್‌ನಿಂದ ಅಜ್ಜಿ ಹಾಸಿಗೆಯಿಂದ ಎದ್ದಿಲ್ಲ. ಈ ಮಳೆಯಲ್ಲಿ ನಿಮ್ಮನ್ನು ಯಾಕೆ ಕರೆಯುವುದೆಂದು ನಾವೂ ಹೇಳಿ ಕಳಿಸಲಿಲ್ಲ.” ನಾನು ಕರ್ತನ ಭೋಜನದ ಪಾತ್ರೆಯನ್ನು ತೆರೆದಾಗ ಅಜ್ಜಿಗೆ ಮಾತು ನಿಂತಿತ್ತು. ಅವರ ಕೈ ಹಿಡಿದು ಪ್ರಾರ್ಥಿಸಿ ಬಂದೆ. ಆ ವಾರದಲ್ಲಿಯೇ ಅವರ ಸಮಾಧಿಯಾಯಿತು.

ಆ ವರ್ಷದ ನಮ್ಮ ವರದಿಯಲ್ಲಿ ಬೇಸಿಗೆಗೆ ಎರಡು ಪುಟವಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಎರಡು ಸಾಲು. ಆ ಹತ್ತು ದಿನ ದಿನವೂ ಆ ಮನೆಯಿಂದ ಒಬ್ಬನು ನನ್ನ ಮುಂದೆ ಬಂದು ಕುಳಿತಿದ್ದನು. ದಾರಿ ತೆರೆದಿತ್ತು; ನಾನು ಅದರಲ್ಲಿ ನಡೆಯಲಿಲ್ಲ. ನಮ್ಮ ಬೇಸಿಗೆ ಕಾರ್ಯಕ್ರಮಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪವು ಇದೇ. ಪಾಠಗಳು ಕೆಟ್ಟವಲ್ಲ, ಹಾಡುಗಳು ಕೆಟ್ಟವಲ್ಲ, ಶಿಕ್ಷಕರ ಶ್ರಮವಂತೂ ನಮಸ್ಕಾರಕ್ಕೆ ಯೋಗ್ಯವಾದುದು. ಆದರೆ ಸಮಾರೋಪದ ದಿನವನ್ನೇ ಗುರಿಯಾಗಿಟ್ಟುಕೊಂಡ ಕಾರ್ಯಕ್ರಮವು ಆ ದಿನವೇ ಮುಗಿಯುತ್ತದೆ. ಅದರಿಂದ ಜೂನ್‌ಗೆ ಏನೂ ಉಳಿಯುವುದಿಲ್ಲ. ಬಿಸಿಲಿನಲ್ಲಿ ಹಪ್ಪಳ ತಟ್ಟಿ ಅಂದೇ ಎಲ್ಲವನ್ನೂ ಕರಿದು ತಿಂದು ಮುಗಿಸಿದ ಮನೆಯಂತೆ ನಮ್ಮ ಸಭೆ.

6. ಬೇಸಿಗೆಯಿಂದ ಮಳೆಗೆ

ಹಾಗಾದರೆ ಬೇಸಿಗೆಯ ಸದುಪಯೋಗವೆಂದರೇನು? ಮಳೆಗೆ ಬೇಕಾದುದನ್ನು ಕೂಡಿಡುವುದು. ಮೊದಲನೆಯದಾಗಿ, ಹೆಸರುಗಳನ್ನು. ರಜಾಕಾಲದ ಶಾಲೆಗೆ ಬರುವ ಪ್ರತಿಯೊಂದು ಮಗುವೂ ಒಂದು ಮನೆಯ ಬಾಗಿಲು. ಆ ಹತ್ತು ದಿನಗಳ ಸಂಜೆಗಳಲ್ಲಿ ಶಿಕ್ಷಕರೂ ಪಾಲಕರೂ ಆ ಮನೆಗಳಿಗೆ ಹೋಗಲಿ. ಯಾರು ಒಂಟಿ, ಯಾರಿಗೆ ಔಷಧ ತರುವವರಿಲ್ಲ, ಯಾವ ಮನೆಗೆ ಮಳೆಯಲ್ಲಿ ಸಂಕ ದಾಟಿ ಹೋಗಬೇಕು, ಯಾರ ಮಾಡು ಸೋರುತ್ತದೆ, ಇವನ್ನು ಬರೆದಿಡಲಿ. ಊರಿಗೆ ಬಂದ ಮಕ್ಕಳನ್ನು ಸತ್ಕರಿಸುವ ಕೂಟದಲ್ಲಿ ಭಾಷಣಗಳನ್ನು ಕಡಿಮೆ ಮಾಡಿ, ಅವರು ಹಿಂದಿರುಗಿದ ಮೇಲೆ ತಂದೆತಾಯಿಯನ್ನು ಯಾರು ನೋಡಿಕೊಳ್ಳುವರೆಂದು ಅವರೊಡನೆ ಕುಳಿತು ಮಾತಾಡುವುದು ಲೇಸು. ಪಾಲಕರ ವರ್ಗಾವಣೆಯು ಹಲವೆಡೆ ಶಾಲಾವರ್ಷದ ಅಂಚಿನಲ್ಲಿಯೇ ಆಗುವುದರಿಂದ, ಮಳೆಯೊಂದಿಗೆ ಬರುವ ಹೊಸ ಪಾಲಕನಿಗೆ ಈ ಪಟ್ಟಿಯು ಬೀಗದ ಕೈಗೊಂಚಲಿನಷ್ಟೇ ಅಗತ್ಯ.

ಎರಡನೆಯದಾಗಿ, ನೆನಪುಗಳನ್ನು. ದೂರದ ನಗರದಲ್ಲಿ ಮುದ್ರಿತವಾದ ಪಾಠಪುಸ್ತಕದ ಜೊತೆಗೆ, ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಬಳಿ ಒಂದು ಪ್ರಶ್ನೆ ಕೇಳಿಕೊಂಡು ಬರಲಿ: ನಿಮಗೆ ಪ್ರಾರ್ಥಿಸಲು ಯಾರು ಕಲಿಸಿದರು? ಹಾಗೆ ಕೂಡಿಬಂದ ಉತ್ತರಗಳು ಆಟಿಯ ಮನೆಕೂಟಗಳಿಗೆ ಸಾಕ್ಷಿಯ ಬುತ್ತಿಯಾಗುತ್ತವೆ.

ಈ ಎರಡು ಕಾಲಗಳ ನಡುವಣ ಕೀಲು ಪಂಚಾಶತ್ತಮ ದಿನ. ಅದು ಮೇ 10 ಮತ್ತು ಜೂನ್ 13ರ ನಡುವೆ ಬರುತ್ತದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಕೆಲವೇ ದಿನಗಳಲ್ಲಿ ಅದು ನಮ್ಮ ಕರಾವಳಿಯಲ್ಲಿರುತ್ತದೆ. ಇಸ್ರಾಯೇಲಿನಲ್ಲಿ ಅದು ಗೋದಿಯ ಸುಗ್ಗಿಯ ಹಬ್ಬ. ನಮ್ಮಲ್ಲಿ ಬಿತ್ತನೆಯ ಹೊಸ್ತಿಲು. ಆತ್ಮನ ಸುರಿಸುವಿಕೆಯನ್ನು ಕುರಿತು ಬೋಧಿಸುವ ಆ ಭಾನುವಾರ ಹೊರಗೆ ಕಪ್ಪು ಮೋಡ ಕವಿದಿರುವುದು ನಮ್ಮ ಸಭೆಗಳಿಗೆ ದೊರೆತ ವರ. ಐದನೆಯ ಶತಮಾನದಲ್ಲಿ ವಿಯೆನ್ನ್ ಪಟ್ಟಣದ ಬಿಷಪ್ ಮಾಮೆರ್ತಸ್, ಆಪತ್ತುಗಳ ನಡುವೆ ಕರ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ಮೂರು ದಿನಗಳನ್ನು ಬಿನ್ನಹದ ದಿನಗಳನ್ನಾಗಿ ನೇಮಿಸಿದರು. ಮುಂದೆ ಅವು ಪಶ್ಚಿಮದ ಸಭೆಯಲ್ಲಿ ಹೊಲಗದ್ದೆಗಳಿಗಾಗಿ ಪ್ರಾರ್ಥಿಸುವ ದಿನಗಳಾದವು. ಅದೇ ಸ್ವಾತಂತ್ರ್ಯದಿಂದ ನಾವೂ ಪಂಚಾಶತ್ತಮದಂದು ಬೀಜವನ್ನೂ, ಮಳೆಗಾಲದಲ್ಲಿ ಮನೆಗಳನ್ನು ಸಂದರ್ಶಿಸಲು ಒಪ್ಪಿದವರನ್ನೂ ಕರ್ತನ ಮುಂದೆ ನಿಲ್ಲಿಸಿ ಪ್ರಾರ್ಥಿಸಬಹುದು.

ಆಮೇಲೆ ಬರುವ ಭಾನುವಾರಗಳು, ಕಥೋಲಿಕರು ಸಾಧಾರಣ ಕಾಲವೆಂದು ಕರೆಯುವ ಆ ದೀರ್ಘ ಹಸಿರು ಋತು, ನಮ್ಮ ಮಳೆಯ ತಿಂಗಳುಗಳು. ದೊಡ್ಡ ಹಬ್ಬಗಳಿಲ್ಲದ ಈ ವಾರಗಳಲ್ಲಿ ಒಂದೇ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಮನೆಗಳಲ್ಲಿ ಕೂಡಿ ಓದಬಹುದು. ಕಥೋಲಿಕ ವಾರ್ಡುಗಳಲ್ಲಿ ಗುರ್ಕಾರರೂ ಕಿರು ಕ್ರೈಸ್ತ ಸಮುದಾಯಗಳೂ ಇದ್ದಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಕುಟುಂಬ ಪ್ರಾರ್ಥನೆಯ ರೂಢಿಯಿದೆ. ಹೊಸ ಸಂಸ್ಥೆಯನ್ನು ಕಟ್ಟುವ ಅಗತ್ಯವಿಲ್ಲ. ಮೊಂತಿ ಹಬ್ಬ ಅಥವಾ ಸಭೆಯ ಸುಗ್ಗಿ ಹಬ್ಬ ಬಂದಾಗ, ಬೇಸಿಗೆಯಲ್ಲಿ ಬರೆದ ಆ ಪಟ್ಟಿಯನ್ನು ತೆರೆದು, ಯಾವ ಮನೆಗೆ ಹೋದೆವು, ಯಾವುದನ್ನು ಮರೆತೆವು ಎಂದು ಲೆಕ್ಕ ಒಪ್ಪಿಸೋಣ. ಆ ಲೆಕ್ಕವೇ ನಮ್ಮ ಬೇಸಿಗೆಯ ವರದಿಯಾಗಲಿ.

7. ಕೆಲವು ಆಕ್ಷೇಪಗಳು

ಮಳೆಯಲ್ಲಿ ಜನರು ದೇವಾಲಯಕ್ಕೆ ಬರಲಾರರೆಂಬುದು ಮೊದಲ ಆಕ್ಷೇಪ. ನಿಜ, ಆದುದರಿಂದಲೇ ಸಭೆಯು ಅವರಲ್ಲಿಗೆ ಹೋಗಬೇಕು. ನಾಟಿಯ ದಿನಗಳಲ್ಲಿ ಜನರಿಗೆ ಸಮಯವಿಲ್ಲವೆಂಬುದು ಎರಡನೆಯದು. ಅದೂ ನಿಜ. ಗದ್ದೆ ಇರುವ ಊರಿನಲ್ಲಿ ನಾಟಿ ಮುಗಿಯುವವರೆಗೆ ಕಾಯೋಣ; ಆಟಿಯು ಬರುವುದು ಅದರ ನಂತರವೇ.

ಮೂರನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು: ನಾನು ಹಳೆಯ ತುಳುನಾಡೊಂದನ್ನು ಕಲ್ಪಿಸಿಕೊಂಡು ಮಾತಾಡುತ್ತಿಲ್ಲವೇ? ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಗೆ ಆಟಿಯೆಂದರೇನು? ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಎಲ್ಲರಿಗೂ ಒಂದೇ ಋತುವಿಲ್ಲ. ಈ ಮೂರು ಊರುಗಳಿಗೇ ಒಂದೇ ಋತುವಿಲ್ಲ. ಕಾಲೇಜು, ವಿದ್ಯಾರ್ಥಿನಿಲಯಗಳ ಪಟ್ಟಣವಾದ ಮೂಡುಬಿದಿರೆಗೆ ಮಳೆಯ ಜೊತೆಯಲ್ಲಿಯೇ ನೂರಾರು ಹೊಸ ಮುಖಗಳು ಬರುತ್ತವೆ, ಉಜಿರೆಯಲ್ಲಿಯೂ ಹಾಗೆಯೇ. ಅಲ್ಲಿಯ ಸಭೆಗೆ ಜೂನ್, ಜುಲೈ ಎಂದರೆ ಮನೆ ಬಿಟ್ಟು ಬಂದ ಹದಿನೇಳರ ಹರೆಯದವರನ್ನು ಭಾನುವಾರ ಊಟಕ್ಕೆ ಕರೆಯುವ ಕಾಲ. ಹೆದ್ದಾರಿಯ ಮೇಲಿರುವ ಬಂಟ್ವಾಳಕ್ಕೆ ನದಿಯ ಚಿಂತೆ. ಬೆಳ್ತಂಗಡಿಯಲ್ಲಿ 1999ರಲ್ಲಿ ತನ್ನದೇ ಸಿರೋ ಮಲಬಾರ್ ಧರ್ಮಪ್ರಾಂತ್ಯವನ್ನು ಪಡೆದ, ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿಗೆ ರಬ್ಬರ್ ತೋಟದ ಲಯ. ಆದುದರಿಂದ ಎರವಲು ಬೇಸಿಗೆಯ ಸ್ಥಾನದಲ್ಲಿ ಎಲ್ಲರಿಗೂ ಒಂದು ಆಟಿಯನ್ನು ಹೇರುವುದು ನನ್ನ ಉದ್ದೇಶವಲ್ಲ. ಪ್ರತಿಯೊಂದು ಸಭೆಯೂ ತನ್ನ ಊರಿನ ಒಂಟಿತನದ ತಿಂಗಳು ಯಾವುದೆಂದು ಮೊದಲು ಹುಡುಕಬೇಕು.

ಕೊನೆಯ ಆಕ್ಷೇಪವು ಪಾಲಕರದೇ: ಮೇ ಮುಗಿಯುವಾಗ ನಾವೇ ದಣಿದಿರುತ್ತೇವೆ. ಮಾರ್ಕ 6:30-34ರಲ್ಲಿ ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ನಿರ್ಜನ ಸ್ಥಳಕ್ಕೆ ವಿಶ್ರಾಂತಿಗಾಗಿ ಕರೆದನು. ಜನರು ಅಲ್ಲಿಗೂ ಬಂದರು. ಆತನು ಅವರ ಮೇಲೆ ಕನಿಕರಪಟ್ಟನು. ಅಲ್ಲಿ ವಿಶ್ರಾಂತಿಯ ಕರೆಯೂ ಸುಳ್ಳಲ್ಲ, ಜನರ ಹಸಿವೂ ಸುಳ್ಳಲ್ಲ. ಪಾಲಕರು ಜೂನ್ ಮೊದಲ ವಾರಗಳಲ್ಲಿ ಓದಿಗೂ ವಿಶ್ರಾಂತಿಗೂ ಕೆಲವು ದಿನಗಳನ್ನು ತೆಗೆದಿಡಲಿ; ಸಭಾ ಸಮಿತಿಯು ಅದನ್ನು ಸಂತೋಷದಿಂದ ಕೊಡಲಿ. ಬೇಸಿಗೆಯ ಪ್ರದರ್ಶನಗಳನ್ನು ಅರ್ಧಕ್ಕೆ ಇಳಿಸಿದರೆ ದಣಿವೂ ಅರ್ಧಕ್ಕೆ ಇಳಿಯುವುದು.

ಮುಂದಿನ ಮಾರ್ಚ್ ಕೊನೆಯಲ್ಲಿ ಸಮಿತಿಯ ಮುಂದೆ ಅದೇ ವಿಷಯ ಬರುತ್ತದೆ. ಆಗ ಅಧ್ಯಕ್ಷರ ಆಸನದಲ್ಲಿರುವವರು, ರಜಾಕಾಲದ ಶಾಲೆಗೆ ಎಷ್ಟು ಮಕ್ಕಳು ಬರಬಹುದೆಂದು ಕೇಳುವ ಮೊದಲು, ಹೋದ ಆಗಸ್ಟ್‌ನಲ್ಲಿ ನಾವು ಯಾರ ಮನೆಗೆ ಹೋಗಲಿಲ್ಲವೆಂದು ಕೇಳಲಿ. ಆ ಹೆಸರುಗಳನ್ನು ನಡಾವಳಿಯ ಪುಸ್ತಕದಲ್ಲಿ ಮೊದಲು ಬರೆಯಲಿ. ಬೇಸಿಗೆಯ ಕಾರ್ಯಕ್ರಮವು ಅಲ್ಲಿಂದ ಆರಂಭವಾಗಲಿ.